ಅಂತಿಗೊನೆಯಿಂದ ಹತ್ತು ನಿಮಿಷ: ಗ್ರೀಕ್ ದುರಂತ ನಾಟಕವನ್ನು ಕಿರುಚಿತ್ರ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಗ್ರೀಕ್ ದುರಂತ ನಾಟಕ ಇಟ್ಟುಕೊಂಡು ಕಿರುಚಿತ್ರ ಮಾಡಲು ಹೊರಟವರ ಮೊದಲ ಸ್ಕ್ರಿಪ್ಟಿನಲ್ಲಿ ಸಾಮಾನ್ಯವಾಗಿ ಇಡೀ ಕಥೆಯೇ ಇರುತ್ತದೆ. ಈಡಿಪಸ್ ಎಂದರೆ ಎಳೆಗೂಸನ್ನು ಬೆಟ್ಟದಲ್ಲಿ ಬಿಟ್ಟು ಬರುವುದು, ಮೂರು ದಾರಿ ಕೂಡುವಲ್ಲಿ ತಂದೆಯ ಕೊಲೆ, ಸ್ಫಿಂಕ್ಸ್‌ನ ಒಗಟು, ತಾಯಿಯೊಂದಿಗೆ ಮದುವೆ, ಕೊನೆಗೆ ಕಣ್ಣು ಚುಚ್ಚಿಕೊಳ್ಳುವುದು. ಹನ್ನೆರಡು ನಿಮಿಷದಲ್ಲಿ ಇಷ್ಟೂ ಬಂದು ಹೋಗುತ್ತದೆ, ಒಂದೂ ಮನಸ್ಸಿಗೆ ನಾಟುವುದಿಲ್ಲ. ಸೊಫೊಕ್ಲಿಸ್ ಈ ಕೆಲಸಕ್ಕೆ ಕೈ ಹಾಕಲೇ ಇಲ್ಲ. ಅವನ ನಾಟಕ ಶುರುವಾಗುವ ಹೊತ್ತಿಗೆ ಕೊಲೆಯಾಗಿ, ಮದುವೆಯಾಗಿ, ಮಕ್ಕಳು ಬೆಳೆದು ವರ್ಷಗಳೇ ಕಳೆದಿವೆ. ರಂಗದ ಮೇಲೆ ನಡೆಯುವುದು ಅರಮನೆಯ ಬಾಗಿಲ ಮುಂದಿನ ಒಂದು ದಿನದ ವಿಚಾರಣೆ ಮಾತ್ರ. ಕತ್ತರಿಸುವ ಕೆಲಸದಲ್ಲಿ ಮುಕ್ಕಾಲು ಪಾಲನ್ನು ಅವನೇ ಮುಗಿಸಿಟ್ಟಿದ್ದಾನೆ.

ಉಳಿದ ಕಾಲು ಪಾಲು ನಮ್ಮದು. ನಾನು ನಂಬಿರುವ ದಾರಿ ಇದು: ನಾಟಕದಿಂದ ಎರಡನ್ನೇ ಎತ್ತಿಕೊಳ್ಳಿ. ಒಮ್ಮೆ ತೆಗೆದುಕೊಂಡರೆ ಹಿಂದಿರುಗಲಾಗದ ಒಂದು ತೀರ್ಮಾನ, ಅದನ್ನು ಕಣ್ಣಾರೆ ಕಂಡ ಒಬ್ಬ ಸಾಕ್ಷಿ. ಇವೆರಡು ಗಟ್ಟಿಯಾಗಿದ್ದರೆ ರಾಜ, ಅರಮನೆ, ಶಾಪ, ವಂಶಾವಳಿ ಏನಿಲ್ಲದಿದ್ದರೂ ಚಿತ್ರ ನಿಲ್ಲುತ್ತದೆ. ಇಲ್ಲಿ ಉದ್ದಕ್ಕೂ ಸೊಫೊಕ್ಲಿಸ್‌ನ ‘ಅಂತಿಗೊನೆ’ಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಕ್ರಿ.ಪೂ. 441ರ ಸುಮಾರಿಗೆ ಅಥೆನ್ಸ್‌ನಲ್ಲಿ ಆಡಿದ ನಾಟಕ. ಸಣ್ಣ ಬಜೆಟ್ಟಿನವರಿಗೆ ಇದಕ್ಕಿಂತ ಒದಗುವ ನಾಟಕ ಇನ್ನೊಂದಿಲ್ಲ.

ಹೆಜ್ಜೆ 1: ನಾಟಕ ಆರಿಸಿ, ಎರಡು ಸಲ ಓದಿ

ಈಸ್ಕಿಲಸ್, ಸೊಫೊಕ್ಲಿಸ್, ಯೂರಿಪಿಡೀಸ್ ಈ ಮೂವರ ಹೆಸರಿನಲ್ಲಿ 32 ದುರಂತ ನಾಟಕಗಳು ಪೂರ್ತಿಯಾಗಿ ಉಳಿದು ಬಂದಿವೆ. ಅವುಗಳಲ್ಲಿ ಒಂದೆರಡರ ಕರ್ತೃ ಯಾರೆಂಬ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ. ಮೊದಲ ಸಲ ಕೈ ಹಾಕುವವರು ‘ಅಂತಿಗೊನೆ’, ಸೊಫೊಕ್ಲಿಸ್‌ನ ‘ಎಲೆಕ್ಟ್ರಾ’, ಯೂರಿಪಿಡೀಸ್‌ನ ‘ಮೆಡೀಯಾ’ (ಕ್ರಿ.ಪೂ. 431) ಅಥವಾ ‘ಟ್ರಾಯ್‌ನ ಹೆಂಗಸರು’ (ಕ್ರಿ.ಪೂ. 415) ಇವುಗಳಲ್ಲೊಂದನ್ನು ಆರಿಸಿಕೊಳ್ಳುವುದು ಒಳ್ಳೆಯದು. ನಾಲ್ಕರಲ್ಲೂ ಇಬ್ಬರು ಮೂವರ ನಡುವೆಯೇ ಕಾವೇರುವ ದೃಶ್ಯಗಳಿವೆ. ಈಸ್ಕಿಲಸ್‌ನ ‘ಆಗಮೆಮ್ನನ್’ ದೊಡ್ಡ ನಾಟಕವೇ ಸರಿ, ಆದರೆ ಅದರ ಜೀವ ಇರುವುದು ಮೇಳದ (ಕೋರಸ್, ರಂಗದಲ್ಲಿ ಊರಿನವರಾಗಿ ನಿಂತು ಹಾಡುವ ಗುಂಪು) ದೀರ್ಘ ಹಾಡುಗಳಲ್ಲಿ. ಅವನ್ನು ಕಿರುಚಿತ್ರಕ್ಕೆ ತರುವುದು ಪಳಗಿದ ಕೈಗಳಿಗೂ ಕಷ್ಟ.

ಮೊದಲ ಓದು ಕಥೆಗಾಗಿ. ಎರಡನೆಯ ಓದಿಗೆ ಪೆನ್ಸಿಲ್ ಹಿಡಿದು ಕೂತು ಮೂರು ಬಗೆಯ ಜಾಗಗಳಿಗೆ ಗುರುತು ಹಾಕಿ. ಯಾರೋ ಒಬ್ಬರು ತಡೆದಿದ್ದರೆ ಅನಾಹುತ ತಪ್ಪಬಹುದಾಗಿದ್ದ ಜಾಗ ಒಂದು. ರಂಗದ ಮೇಲೆ ತೋರಿಸದೆ ಬಾಯಿಮಾತಿನಲ್ಲಿ ಹೇಳಿದ ಜಾಗ ಇನ್ನೊಂದು. ಯಾರಾದರೂ ಮಾತಾಡದೆ ಹೊರಟುಹೋದ ಜಾಗ ಮೂರನೆಯದು. ನಿಮ್ಮ ಚಿತ್ರ ಬಹುಪಾಲು ಇವುಗಳಲ್ಲೊಂದರೊಳಗೆ ಅಡಗಿರುತ್ತದೆ.

ಕನ್ನಡದಲ್ಲಿ ಓದುವವರಿಗೆ ಪಿ. ಲಂಕೇಶರ ‘ದೊರೆ ಈಡಿಪಸ್’ ಮತ್ತು ‘ಅಂತಿಗೊನೆ’ ಅನುವಾದಗಳಿವೆ. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಆಡಿಸಿದ ಈಡಿಪಸ್ ಲಂಕೇಶರದ್ದೇ. ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ (1929) ಮತ್ತು ‘ಪಾರಸಿಕರು’ (1935) ಎರಡನ್ನೂ ಓದಿ. ‘ಪಾರಸಿಕರು’ ಈಸ್ಕಿಲಸ್‌ನ ನಾಟಕದ ಅನುವಾದ. ‘ಅಶ್ವತ್ಥಾಮನ್’ ನಮ್ಮ ಕೆಲಸಕ್ಕೆ ನೇರವಾಗಿ ಪಾಠ ಹೇಳುತ್ತದೆ: ಸೊಫೊಕ್ಲಿಸ್‌ನ ‘ಅಜಾಕ್ಸ್’ ನಾಟಕದ ಕಟ್ಟನ್ನು ಇಟ್ಟುಕೊಂಡು, ಅಜಾಕ್ಸ್‌ನ ಜಾಗದಲ್ಲಿ ಮಹಾಭಾರತದ ಅಶ್ವತ್ಥಾಮನನ್ನು ನಿಲ್ಲಿಸಿದ ನಾಟಕ ಅದು. ಮರುಕಥನವೆಂದರೆ ಏನು ಉಳಿಯಬೇಕು, ಏನು ಬದಲಾಗಬೇಕು ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಅಷ್ಟು ಹಿಂದೆಯೇ ಅವರು ಎದುರಿಸಿದ್ದಾರೆ.

ಹೆಜ್ಜೆ 2: ಒಂದೇ ಒಂದು ಗಂಟನ್ನು ಹಿಡಿಯಿರಿ

ಗಂಟು ಎಂದರೆ ಮೇಲೆ ಹೇಳಿದ ಆ ಒಂದು ತೀರ್ಮಾನ, ಅದರ ಸಾಕ್ಷಿ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ, ಏಕೆಂದರೆ ಚಿತ್ರ ಗೆಲ್ಲುವುದೂ ಸೋಲುವುದೂ ಇಲ್ಲೇ.

ಅಂತಿಗೊನೆಯ ಕಥೆ ಎಲ್ಲರಿಗೂ ಸ್ಥೂಲವಾಗಿ ಗೊತ್ತು. ಥೀಬ್ಸ್ ನಗರದ ಮೇಲೆ ದಂಡೆತ್ತಿ ಬಂದು ಸತ್ತ ಪಾಲಿನೈಸಿಸ್‌ನ ಹೆಣವನ್ನು ಯಾರೂ ಮಣ್ಣು ಮಾಡಕೂಡದೆಂದು ದೊರೆ ಕ್ರೆಯಾನ್ ಆಜ್ಞೆ ಮಾಡುತ್ತಾನೆ. ತಂಗಿ ಅಂತಿಗೊನೆ ಆಜ್ಞೆ ಮೀರುತ್ತಾಳೆ. ಅವಳನ್ನು ಜೀವಂತವಾಗಿ ಗುಹೆಯಲ್ಲಿ ಮುಚ್ಚಿಸುತ್ತಾನೆ. ಅವಳು ನೇಣು ಹಾಕಿಕೊಳ್ಳುತ್ತಾಳೆ, ಅವಳನ್ನು ಮದುವೆಯಾಗಬೇಕಿದ್ದ ಕ್ರೆಯಾನ್‌ನ ಮಗ ಹೈಮನ್ ಕತ್ತಿಯಿಂದ ಇರಿದುಕೊಳ್ಳುತ್ತಾನೆ, ಮಗನ ಸುದ್ದಿ ಕೇಳಿ ತಾಯಿ ಯೂರಿಡಿಸಿಯೂ ಸಾಯುತ್ತಾಳೆ. 1,353 ಸಾಲುಗಳ ಈ ನಾಟಕದಲ್ಲಿ ಕಡಿಮೆಯೆಂದರೂ ಮೂರು ಸ್ವತಂತ್ರ ಕಿರುಚಿತ್ರಗಳಿವೆ.

ಮೊದಲನೆಯದು ಕಾವಲುಗಾರನದು. ಹೆಣ ಕಾಯಲು ನಿಂತವರಲ್ಲಿ ಒಬ್ಬ, ಹೆಸರೇ ಇಲ್ಲದವನು. ಬೆಳಗ್ಗೆ ನೋಡಿದರೆ ಹೆಣದ ಮೇಲೆ ತೆಳ್ಳಗೆ ಧೂಳು ಹರಡಿದೆ. ನೆಲ ಗಟ್ಟಿ, ಒಣಗಿದೆ. ಗುದ್ದಲಿಯ ಏಟಿಲ್ಲ, ಬಂಡಿಯ ಗಾಲಿಯ ಗುರುತಿಲ್ಲ, ನಾಯಿ ನರಿ ಎಳೆದ ಸುಳಿವಿಲ್ಲ. ಕಾವಲಿನವರೆಲ್ಲ ಒಬ್ಬರ ಮೇಲೊಬ್ಬರು ಗೂಬೆ ಕೂರಿಸಿ ಜಗಳವಾಡುತ್ತಾರೆ. ದೊರೆಗೆ ಸುದ್ದಿ ಮುಟ್ಟಿಸುವವರು ಯಾರು? ಚೀಟಿ ಎತ್ತುತ್ತಾರೆ, ಇವನ ಹೆಸರು ಬರುತ್ತದೆ. ಕ್ರೆಯಾನ್ ಅವನಿಗೆ ಜೀವ ತೆಗೆಯುವ ಬೆದರಿಕೆ ಹಾಕಿ ವಾಪಸು ಕಳಿಸುತ್ತಾನೆ. ಕಾವಲಿನವರು ಧೂಳನ್ನೆಲ್ಲ ಗುಡಿಸಿ ತೆಗೆದು, ನಾತ ಮೂಗಿಗೆ ಬಡಿಯದಂತೆ ಗಾಳಿ ಬೀಸಿ ಬರುವ ಕಡೆ ದಿಬ್ಬದ ಮೇಲೆ ಕೂರುತ್ತಾರೆ. ನಡುಮಧ್ಯಾಹ್ನ ಸುಂಟರಗಾಳಿ ಎದ್ದು ಬಯಲೆಲ್ಲ ಧೂಳಾಗುತ್ತದೆ, ಎಲ್ಲರೂ ಕಣ್ಣು ಮುಚ್ಚಿಕೊಳ್ಳುತ್ತಾರೆ. ಗಾಳಿ ತಣಿದಾಗ ನೋಡಿದರೆ ಹುಡುಗಿ ಅಲ್ಲಿದ್ದಾಳೆ. ಮರಿಗಳಿಲ್ಲದ ಗೂಡು ಕಂಡ ಹಕ್ಕಿಯ ಹಾಗೆ ಚೀರುತ್ತ, ಬರಿಗೈಯಲ್ಲಿ ಧೂಳು ತಂದು ಸುರಿಯುತ್ತಾಳೆ, ಕಂಚಿನ ಹೂಜಿಯಿಂದ ಮೂರು ಸಲ ತರ್ಪಣ ಬಿಡುತ್ತಾಳೆ. ಹಿಡಿದಾಗ ಓಡುವುದಿಲ್ಲ, ನಾನಲ್ಲ ಎನ್ನುವುದೂ ಇಲ್ಲ. ಅವಳನ್ನು ಒಪ್ಪಿಸಿದಾಗ ಕಾವಲುಗಾರ ಹೇಳುವ ಮಾತು ಎಂಥದು ನೋಡಿ: ತಾನು ಉಳಿದೆನೆಂದು ಖುಷಿ, ಅವಳನ್ನು ಸಿಕ್ಕಿಸಿದೆನೆಂದು ಸಂಕಟ, ಆದರೂ ತನಗೆ ತನ್ನ ಜೀವವೇ ಹೆಚ್ಚು. ನಾಟಕದಲ್ಲಿ ಇದೆಲ್ಲ ಅವನ ಬಾಯಿಂದ ಬರುವ ವರದಿ. ಬೆಳಗಿನಿಂದ ಮಧ್ಯಾಹ್ನದವರೆಗಿನ ಕಾಲ, ಒಂದು ದಿಬ್ಬ, ನಾಲ್ಕು ಜನ. ಹತ್ತು ನಿಮಿಷಕ್ಕೆ ಬೇಕಾದ್ದೆಲ್ಲ ಇದೆ.

ಎರಡನೆಯದು ಕ್ರೆಯಾನ್‌ನದು. ಕುರುಡ ಕಾಲಜ್ಞಾನಿ ಟೈರೇಸಿಯಸ್ ಎಚ್ಚರಿಸಿದ ಮೇಲೆ ಅವನು ಮನಸ್ಸು ಬದಲಾಯಿಸುತ್ತಾನೆ. ಮೇಳದ ಹಿರಿಯರು ಸ್ಪಷ್ಟವಾಗಿ ಕ್ರಮ ಹೇಳುತ್ತಾರೆ: ಹೋಗಿ ಹುಡುಗಿಯನ್ನು ಬಿಡಿಸು, ಸತ್ತವನಿಗೆ ಗೋರಿ ಕಟ್ಟು. ಕ್ರೆಯಾನ್ ಹೊರಟವನು ಮೊದಲು ಹೆಣದ ಬಳಿಗೆ ಹೋಗುತ್ತಾನೆ. ತೊಳೆದು, ಸುಟ್ಟು, ಮಣ್ಣಿನ ದಿಬ್ಬ ಮಾಡಿ, ಆಮೇಲೆ ಗುಹೆಯ ಕಡೆ ತಿರುಗುತ್ತಾನೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಯಾಕೆ ಆ ಕ್ರಮ ಹಿಡಿದ ಎಂದು ಸೊಫೊಕ್ಲಿಸ್ ವಿವರಿಸುವುದಿಲ್ಲ. ತಪ್ಪು ತಿದ್ದಲು ಹೊರಟವನು ಯಾವುದನ್ನು ಮೊದಲು ಮಾಡುತ್ತಾನೆ ಎಂಬುದರ ಮೇಲೆ ಒಂದು ಜೀವ ನಿಂತಿದೆ. ಇದನ್ನು ಗಡಿಯಾರದ ಓಟದಂತೆ ತೆಗೆಯದೆ, ಹೆಣ ತೊಳೆಯುವ ಶ್ರದ್ಧೆಯ, ನಿಧಾನದ ಕೆಲಸವಾಗಿ ತೆಗೆದರೆ ನೋಡುವವರ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ.

ಮೂರನೆಯದು ಯೂರಿಡಿಸಿಯದು. ಇಡೀ ನಾಟಕದಲ್ಲಿ ಅವಳಿಗೆ ಇರುವುದು ಒಂಬತ್ತು ಸಾಲು. ದೇವಿ ಪಲ್ಲಾಸ್‌ಳನ್ನು ಪ್ರಾರ್ಥಿಸಲು ಹೊರಟು ಬಾಗಿಲ ಅಗುಳಿ ತೆಗೆಯುವಾಗ ಕೆಟ್ಟ ಸುದ್ದಿ ಕಿವಿಗೆ ಬಿದ್ದು ದಾಸಿಯರ ತೋಳಿಗೆ ಒರಗುತ್ತಾಳೆ. ಚೇತರಿಸಿಕೊಂಡು ಬಂದು, ಮತ್ತೊಮ್ಮೆ ಹೇಳಿ, ದುಃಖ ನನಗೆ ಹೊಸದಲ್ಲ ಎನ್ನುತ್ತಾಳೆ. ದೂತ ಪೂರ್ತಿ ಹೇಳಿ ಮುಗಿಸಿದಾಗ ಒಂದೂ ಮಾತಾಡದೆ ಒಳಗೆ ಹೋಗುತ್ತಾಳೆ. ಇಷ್ಟೊಂದು ಮೌನ ಭಯ ಹುಟ್ಟಿಸುತ್ತದೆ ಎಂದು ಮೇಳವೇ ಹೇಳುತ್ತದೆ. ಬಾಗಿಲಿನ ಈಚೆ ಕ್ಯಾಮೆರಾ ಇಟ್ಟರೆ ಒಂದು ಚಿತ್ರ, ಆಚೆ ಇಟ್ಟರೆ ಇನ್ನೊಂದು.

ನಿಮ್ಮ ಗಂಟು ಸಿಕ್ಕಿದೆಯೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆ: ನಾಟಕ ಓದದ ಸ್ನೇಹಿತರೊಬ್ಬರಿಗೆ ಮೂರು ವಾಕ್ಯದಲ್ಲಿ ಹೇಳಿ. ಹಿನ್ನೆಲೆ ಹೇಳಲೇ ಎರಡು ವಾಕ್ಯ ಹೋದರೆ ಆ ಗಂಟು ಬಿಟ್ಟು ಬೇರೆ ಹುಡುಕಿ.

ಹೆಜ್ಜೆ 3: ಎಲ್ಲಿ, ಯಾವಾಗ ನಡೆಯುತ್ತದೆ?

ಹಳೆಯ ಥೀಬ್ಸ್‌ನಲ್ಲೇ ಇಡಬಹುದು, ಇವತ್ತಿಗೆ ತರಬಹುದು, ಎರಡನ್ನೂ ಬೆರೆಸಬಹುದು. ಇಟಲಿಯ ನಿರ್ದೇಶಕ ಪಸೋಲಿನಿ ತನ್ನ ಈಡಿಪಸ್ ಚಿತ್ರವನ್ನು (1967) ಇಪ್ಪತ್ತನೆಯ ಶತಮಾನದ ಇಟಲಿಯಲ್ಲಿ ಶುರುಮಾಡಿ, ಪುರಾಣದ ಭಾಗವನ್ನು ಮೊರಾಕೊದಲ್ಲಿ ತೆಗೆದು, ತನ್ನ ಕಾಲದ ಬೊಲೊನ್ಯಾದಲ್ಲಿ ಮುಗಿಸಿದ. ಎಂಟು ನಿಮಿಷದ ಒಂದು ಈಡಿಪಸ್ ಕಿರುಚಿತ್ರದಲ್ಲಂತೂ (2004, ಜೇಸನ್ ವಿಶ್ನೋ) ಪಾತ್ರಧಾರಿಗಳೆಲ್ಲ ತರಕಾರಿಗಳು, ಈಡಿಪಸ್ ಒಂದು ಆಲೂಗಡ್ಡೆ.

ಇವತ್ತಿಗೆ ತರುವುದಾದರೆ ಬಟ್ಟೆ ಬದಲಾಯಿಸಿದರೆ ಸಾಲದು, ಹೆಣ ಹೂಳಬಾರದೆಂಬಂಥ ನಾಟಕದ ಕಟ್ಟಳೆಗೆ ಇವತ್ತಿನ ಸರಿಸಮ ಸಿಗಬೇಕು. ಈ ದೃಷ್ಟಿಯಿಂದ ನೋಡಲೇಬೇಕಾದ್ದು 1978ರ ಜರ್ಮನ್ ಚಿತ್ರ ‘ಜರ್ಮನಿ ಇನ್ ಆಟಮ್’. ಹಲವು ನಿರ್ದೇಶಕರು ಸೇರಿ ಮಾಡಿದ ಆ ಚಿತ್ರದಲ್ಲಿ ಹೈನ್‌ರಿಖ್ ಬೋಲ್ ಬರೆದು ಫೋಲ್ಕರ್ ಶ್ಲೋಂಡಾರ್ಫ್ ನಿರ್ದೇಶಿಸಿದ ಒಂದು ಪುಟ್ಟ ಭಾಗವಿದೆ. ಟಿವಿ ಸಂಸ್ಥೆಯ ಅಧಿಕಾರಿಗಳು ಕೋಣೆಯೊಂದರಲ್ಲಿ ಕೂತು, ಸಿದ್ಧವಾಗಿರುವ ‘ಅಂತಿಗೊನೆ’ಯನ್ನು ಪ್ರಸಾರ ಮಾಡಬೇಕೋ ಬೇಡವೋ ಎಂದು ಚರ್ಚಿಸುತ್ತಾರೆ, ಕೊನೆಗೆ ಮುಂದೂಡುತ್ತಾರೆ. ಅದರ ಹಿಂದಿನ ವರ್ಷ, 1977ರ ಅಕ್ಟೋಬರ್‌ನಲ್ಲಿ, ಸ್ಟಮ್‌ಹೈಮ್ ಜೈಲಿನಲ್ಲಿ ಸತ್ತ ಉಗ್ರಗಾಮಿ ಗುಂಪಿನ ಮೂವರನ್ನು ಎಲ್ಲಿ ಹೂಳಬೇಕೆಂಬ ವಿವಾದ ನಿಜವಾಗಿಯೇ ಎದ್ದಿತ್ತು. ಸ್ಟಟ್‌ಗಾರ್ಟ್‌ನ ಮೇಯರ್ ಮ್ಯಾನ್‌ಫ್ರೆಡ್ ರೊಮ್ಮೆಲ್ ವಿರೋಧವಿದ್ದರೂ ನಗರದ ಸ್ಮಶಾನದಲ್ಲಿ ಜಾಗ ಕೊಟ್ಟರು. ದೊರೆಯಿಲ್ಲ, ಗುಹೆಯಿಲ್ಲ, ಸಭೆಯ ಮೇಜಿದೆ. ಆದರೂ ಅಲ್ಲಿ ನಡೆಯುತ್ತಿರುವುದು ಅಂತಿಗೊನೆಯೇ ಎನ್ನಲು ಯಾರೂ ಹಿಂಜರಿಯಲಾರರು.

ಸೋಫಿ ಡೆರಾಸ್ಪ್ ನಿರ್ದೇಶನದ ಕೆನಡಾದ ‘ಅಂತಿಗೊನೆ’ (2019) ಪೂರ್ಣಪ್ರಮಾಣದ ಚಿತ್ರ. ಅಲ್ಜೀರಿಯಾದಿಂದ ಮಾಂಟ್ರಿಯಲ್‌ಗೆ ವಲಸೆ ಬಂದ ಕುಟುಂಬ, ಪೊಲೀಸರ ಗುಂಡಿಗೆ ಬಲಿಯಾದ ಒಬ್ಬ ಅಣ್ಣ, ಗಡೀಪಾರಿನ ಭಯದಲ್ಲಿ ಜೈಲಿನಲ್ಲಿರುವ ಇನ್ನೊಬ್ಬ. ತಂಗಿ ವೇಷ ಬದಲಿಸಿ ಅಣ್ಣನ ಜಾಗದಲ್ಲಿ ತಾನು ಜೈಲು ಸೇರುತ್ತಾಳೆ. ಹೂಳುವ ಪ್ರಶ್ನೆ ಹಿಂದಕ್ಕೆ ಸರಿದರೂ ರಕ್ತಸಂಬಂಧ ಮತ್ತು ಕಾನೂನಿನ ಘರ್ಷಣೆ ಒಂದಿಷ್ಟೂ ಸಡಿಲವಾಗಿಲ್ಲ.

ಬೇರೆಯವರ ನಾಡಿಗೆ ಕಥೆ ಒಯ್ಯುವಾಗ ಎಚ್ಚರ ಬೇಕು. ಪಸೋಲಿನಿ ಈಸ್ಕಿಲಸ್‌ನ ಒರೆಸ್ಟಿಸ್ ಕಥೆಯನ್ನು ಆಫ್ರಿಕಾದಲ್ಲಿ ಮಾಡಬೇಕೆಂದು ಹೊರಟು, ಅದರ ಟಿಪ್ಪಣಿಗಳನ್ನೇ ಒಂದು ಚಿತ್ರ ಮಾಡಿದ (1970). ರೋಮ್‌ನಲ್ಲಿ ಓದುತ್ತಿದ್ದ ಆಫ್ರಿಕಾದ ವಿದ್ಯಾರ್ಥಿಗಳಿಗೆ ಅದನ್ನು ತೋರಿಸಿದಾಗ, ಆಫ್ರಿಕಾವನ್ನು ಒಂದೇ ನಾಡೆಂಬಂತೆ ನೋಡುವುದಕ್ಕೆ ಅವರು ಆಕ್ಷೇಪಿಸಿದರು. ಆ ಆಕ್ಷೇಪವನ್ನೂ ಅವನು ಚಿತ್ರದೊಳಗೇ ಇಟ್ಟ. ನೀವು ಆರಿಸಿದ ಊರಿನ ಜನಕ್ಕೆ ಸ್ಕ್ರಿಪ್ಟನ್ನು ಶೂಟಿಂಗ್‌ಗೆ ಮೊದಲೇ ಓದಿಸಿ. ಶವಸಂಸ್ಕಾರ, ಜಾತಿ, ಧರ್ಮ ಬರುವ ಕಥೆಯಲ್ಲಿ ಇದನ್ನು ಬಿಡಲೇಬಾರದು.

ದೇವರುಗಳನ್ನು ಏನು ಮಾಡುವುದು? ನನ್ನ ಅಭಿಪ್ರಾಯದಲ್ಲಿ ಅವರನ್ನು ಪೂರ್ತಿ ತೆಗೆದುಹಾಕಿದರೆ ಪಾತ್ರಗಳು ಬರೀ ಹಟಮಾರಿಗಳಾಗಿ ಉಳಿಯುತ್ತವೆ. ಅಂತಿಗೊನೆಗೆ ಸತ್ತವರ ಲೋಕದ ಕಟ್ಟಳೆ ನಿಜ, ಕ್ರೆಯಾನ್‌ಗೆ ಊರಿನ ಕ್ಷೇಮ ನಿಜ. ನಿಮ್ಮ ಚಿತ್ರದಲ್ಲೂ ಎರಡೂ ಕಡೆಯವರಿಗೆ ಪ್ರಾಣಕ್ಕಿಂತ ಮಿಗಿಲಾದದ್ದು ಏನೋ ಒಂದಿರಬೇಕು. ಕ್ರೆಯಾನ್ ಬರೀ ಖಳನಾಯಕನಾದ ಚಿತ್ರಗಳು ನೋಡುನೋಡುತ್ತಲೇ ಸಪ್ಪೆಯಾಗುತ್ತವೆ.

ಹೆಜ್ಜೆ 4: ಮೇಳಕ್ಕೆ ಒಂದು ಜಾಗ ಮಾಡಿ

ಗ್ರೀಕ್ ನಾಟಕದಲ್ಲಿ ಮೇಳದವರು ಮೊದಲು 12 ಜನ, ಸೊಫೊಕ್ಲಿಸ್‌ನ ಕಾಲಕ್ಕೆ 15. ಬಜೆಟ್ ನೋಡಿ ಮೊದಲು ಕೈಬಿಡುವುದು ಇವರನ್ನೇ. ದಯವಿಟ್ಟು ಬಿಡಬೇಡಿ. ದುರಂತ ಒಬ್ಬಂಟಿಯಾಗಿ ನಡೆಯುವುದಿಲ್ಲ, ಊರು ನೋಡುತ್ತಿರುತ್ತದೆ. ನೋಡಿಯೂ ತಡೆಯದೆ ನಿಂತವರಿಂದಲೇ ಅದಕ್ಕೆ ಭಾರ ಬರುವುದು.

ಹದಿನೈದು ಜನ ಬೇಕಿಲ್ಲ. ಮೈಕೆಲ್ ಕಕೊಯಾನಿಸ್‌ನ ‘ಎಲೆಕ್ಟ್ರಾ’ (1962) ಚಿತ್ರದಲ್ಲಿ ಕಪ್ಪು ಬಟ್ಟೆಯ ಹಳ್ಳಿ ಹೆಂಗಸರೇ ಮೇಳ. ಅವರು ಹೊಲದಲ್ಲಿ ನಿಂತ ರೀತಿಯೇ ಮಾತಿನ ಕೆಲಸ ಮಾಡುತ್ತದೆ. ಡೆರಾಸ್ಪ್ ಚಿತ್ರದಲ್ಲಿ ಸೋಷಿಯಲ್ ಮೀಡಿಯಾದ ತುಣುಕುಗಳು ಆ ಜಾಗ ತುಂಬುತ್ತವೆ. ಅಪಾರ್ಟ್‌ಮೆಂಟ್‌ನ ಬಾಲ್ಕನಿಗಳಲ್ಲಿ ನಿಂತ ನಾಲ್ಕು ಮುಖ, ಬಸ್ ಸ್ಟಾಪಿನ ಮೂವರು, ಗೋಡೆಯಾಚೆ ಕೇಳುವ ದನಿ ಕೂಡ ಸಾಕು. ಒಂದು ನಿಯಮವನ್ನು ಮಾತ್ರ ಬಿಗಿಯಾಗಿ ಹಿಡಿಯಿರಿ: ಚಿತ್ರ ನಡೆಯುತ್ತಿದ್ದಂತೆ ಮೇಳದ ನಿಲುವು ಒಮ್ಮೆಯಾದರೂ ಬದಲಾಗಬೇಕು. ಅಂತಿಗೊನೆಯ ಮೇಳದ ಹಿರಿಯರು ಮೊದಲು ದೊರೆಯ ಮಾತಿಗೆ ತಲೆಯಾಡಿಸುತ್ತಾರೆ, ಕೊನೆಯ ಹೊತ್ತಿಗೆ ಅವನಿಗೇ ದಾರಿ ಹೇಳುತ್ತಾರೆ.

ಹೆಜ್ಜೆ 5: ಸಾವನ್ನು ಬಾಗಿಲ ಹಿಂದೆ ಇಡಿ

ಉಳಿದಿರುವ ದುರಂತ ನಾಟಕಗಳಲ್ಲಿ ಕೊಲೆಗಳು ಬಹುತೇಕ ರಂಗದ ಹಿಂದಿನ ಕಟ್ಟಡದೊಳಗೆ ನಡೆಯುತ್ತವೆ. ಹೊರಗೆ ಕೇಳುವುದು ಕೂಗು. ಆಮೇಲೆ ದೂತ ಬಂದು ಹೇಳುತ್ತಾನೆ, ಇಲ್ಲವೇ ಗಾಲಿಯ ವೇದಿಕೆಯ ಮೇಲೆ ಹೆಣಗಳನ್ನು ಹೊರಕ್ಕೆ ತಳ್ಳಿ ತೋರಿಸುತ್ತಾರೆ. ಕೈಯಲ್ಲಿ ಕ್ಯಾಮೆರಾ ಇರುವವರಿಗೆ ಒಳಗೆ ನುಗ್ಗುವ ಆಸೆ ಸಹಜ. ನಕಲಿ ರಕ್ತ, ಮೇಕಪ್, ಚಾಕು ಎಲ್ಲಕ್ಕೂ ದುಡ್ಡು ಬೇಕು, ಸಣ್ಣ ಬಜೆಟ್ಟಿನಲ್ಲಿ ಅವು ನಕಲಿಯಾಗಿಯೇ ಕಾಣುತ್ತವೆ. ಹೇಳುವವನ ಮುಖ ಕಾಸಿಲ್ಲದೆ ಸಿಗುತ್ತದೆ, ಅದರ ಬಲವೂ ದೊಡ್ಡದು.

‘ಟ್ರಾಯ್‌ನ ಹೆಂಗಸರು’ ನಾಟಕದ ದೂತ ಟಾಲ್ತಿಬಿಯಸ್‌ನನ್ನು ಗಮನಿಸಿ. ಗೆದ್ದವರ ಕಡೆಯ ನೌಕರ. ಮಗು ಅಸ್ಟ್ಯಾನಾಕ್ಸ್‌ನನ್ನು ಕೋಟೆಯಿಂದ ಕೆಳಗೆಸೆದು ಕೊಲ್ಲುವ ಆಜ್ಞೆಯನ್ನು ತಾಯಿಗೆ ತಿಳಿಸಬೇಕಾದವನು ಅವನೇ. ಕೊಂದ ಮೇಲೆ ಹೆಣವನ್ನು ಅಜ್ಜಿ ಹೆಕ್ಯುಬಾಳ ಬಳಿಗೆ ತರುವಾಗ, ದಾರಿಯಲ್ಲಿ ಹೊಳೆ ದಾಟುವಾಗ ನಾನೇ ಮೈ ತೊಳೆದಿದ್ದೇನೆ, ಅಷ್ಟು ಕೆಲಸ ನಿಮಗೆ ತಪ್ಪಿತು ಎನ್ನುತ್ತಾನೆ. ಆಜ್ಞೆ ಪಾಲಿಸುವವನಲ್ಲಿ ಉಳಿದಿರುವ ಕರುಣೆ ಅಷ್ಟೇ, ಒಂದು ಮೈತೊಳೆಯುವಷ್ಟು. ಇದನ್ನು ಕೇಳಿದ ಮೇಲೆ ಬೀಳುವ ಮಗುವಿನ ಶಾಟ್ ಯಾರಿಗೆ ಬೇಕು?

ಹೆಜ್ಜೆ 6: ಸ್ಕ್ರಿಪ್ಟ್ ಬರೆಯುವುದು

ಎಂಟರಿಂದ ಹನ್ನೆರಡು ಪುಟ ಗುರಿಯಿರಲಿ; ಪುಟಕ್ಕೆ ಒಂದು ನಿಮಿಷವೆಂಬುದು ಅಂದಾಜು ಲೆಕ್ಕ. ಬಾಯಲ್ಲಿ ಓದಿ ಗಡಿಯಾರ ಹಿಡಿಯುವುದೇ ಖಚಿತ.

ಗ್ರೀಕರ ಒಂದು ತಂತ್ರ ಕಿರುಚಿತ್ರಕ್ಕೆ ಚೆನ್ನಾಗಿ ಒಗ್ಗುತ್ತದೆ. ಕಾವು ಏರಿದಾಗ ಇಬ್ಬರೂ ಒಂದೊಂದೇ ಸಾಲಿನಲ್ಲಿ ಮಾತಿಗೆ ಮಾತು ಕೊಡುತ್ತಾರೆ. ಕಾವಲುಗಾರ ಮತ್ತು ಕ್ರೆಯಾನ್ ನಡುವಿನ ಚಕಮಕಿಯನ್ನು ನಾನು ಹೀಗೆ ಕನ್ನಡಕ್ಕೆ ತಂದುಕೊಂಡಿದ್ದೇನೆ:

ಕಾವಲುಗಾರ: ನನ್ನ ಮಾತು ಕುಟುಕಿದ್ದು ತಮ್ಮ ಕಿವಿಗೋ, ಮನಸ್ಸಿಗೋ, ದೊರೆ?
ಕ್ರೆಯಾನ್: ನನಗೆಲ್ಲಿ ನೋಯುತ್ತದೆ ಅಂತ ಹೇಳೋದಕ್ಕೆ ನೀನು ಯಾರು?
ಕಾವಲುಗಾರ: ಮಾಡಿದವನು ನೋಯಿಸಿದ್ದು ಮನಸ್ಸನ್ನ. ನಾನು ಬರೀ ಕಿವಿಯನ್ನ.
ಕ್ರೆಯಾನ್: ಹುಟ್ಟು ಬಾಯಿಬಡುಕ ನೀನು.
ಕಾವಲುಗಾರ: ಇರಬಹುದು. ಆದರೆ ಈ ಕೆಲಸ ಮಾಡಿದವನು ನಾನಲ್ಲ.

ಭಯದಿಂದ ನಡುಗುವವನೇ ಇಲ್ಲಿ ಮೊನಚಾದ ಮಾತಾಡುತ್ತಿದ್ದಾನೆ. ಇಂಥ ಐದು ಸಾಲು ಬರೆದರೆ ಅರ್ಧ ಪುಟದ ಭಾಷಣವನ್ನು ಹೊಡೆದುಹಾಕಬಹುದು. ‘ವಿಧಿ’, ‘ಶಾಪ’, ‘ಕರ್ಮ’ ಎಂಬ ಮಾತುಗಳನ್ನು ಮೊದಲ ಕರಡಿನಲ್ಲಿ ಹುಡುಕಿ ತೆಗೆಯಿರಿ. ಪಾತ್ರ ಅವನ್ನು ಉಚ್ಚರಿಸಿದ ಕ್ಷಣ ನೋಡುವವರಿಗೆ ಯೋಚಿಸಲು ಏನೂ ಉಳಿಯುವುದಿಲ್ಲ. ಪ್ರಾದೇಶಿಕ ಕನ್ನಡ ಬಳಸುವುದಾದರೆ ಎಲ್ಲ ಪಾತ್ರಗಳಿಗೂ ಒಂದೇ ಸೀಮೆಯ ಮಾತಿರಲಿ. ಅಧಿಕಾರದಲ್ಲಿರುವವರು ಪುಸ್ತಕದ ಭಾಷೆ, ಉಳಿದವರು ಆಡುಮಾತು ಎಂಬ ಹಂಚಿಕೆ ಸುಲಭದ್ದು, ಅದಕ್ಕೇ ಹಳಸಿದ್ದು.

ಹೆಜ್ಜೆ 7: ಹಕ್ಕು ಮತ್ತು ಅನುಮತಿ

ಮೂಲ ಗ್ರೀಕ್ ನಾಟಕಗಳಿಗೆ ಯಾರ ಹಕ್ಕೂ ಇಲ್ಲ, ಅನುವಾದಗಳಿಗೆ ಇರುತ್ತದೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ನಡೆಯುತ್ತದೆ. 2000ದಲ್ಲಿ ತೀರಿಕೊಂಡ ಲಂಕೇಶರ ಅನುವಾದದ ಸಾಲುಗಳನ್ನು ಬಳಸುವುದಾದರೆ ಹಕ್ಕುದಾರರಿಂದ ಬರಹದಲ್ಲಿ ಒಪ್ಪಿಗೆ ಬೇಕು. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರ ಕೃತಿಗಳ ಅವಧಿ ಮುಗಿದಿದೆ. ಇಂಗ್ಲಿಷ್‌ನಲ್ಲಿ ರಿಚರ್ಡ್ ಜೆಬ್ ಮಾಡಿದ ಸೊಫೊಕ್ಲಿಸ್ ಅನುವಾದ ಮತ್ತು ಟಿಪ್ಪಣಿಗಳು ಮುಕ್ತವಾಗಿವೆ. ಅವರು ಸತ್ತದ್ದು 1905ರಲ್ಲಿ. ಅವನ್ನು ಮುಂದಿಟ್ಟುಕೊಂಡು ನಿಮ್ಮದೇ ಮಾತು ಬರೆದುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ಹಂಪಿಯಂಥ ಸಂರಕ್ಷಿತ ಸ್ಮಾರಕಗಳಲ್ಲಿ ಶೂಟಿಂಗ್‌ಗೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. ಕಲ್ಲುಕಂಬ ಕಂಡ ಕೂಡಲೇ ಗ್ರೀಸ್ ನೆನಪಾಗುತ್ತದೆಂದು ಅಲ್ಲಿಗೆ ಓಡುವ ಅಗತ್ಯವೂ ನನಗೆ ಕಾಣುವುದಿಲ್ಲ. ‘ಮೆಡೀಯಾ’ ಮಾಡುವವರು ಇನ್ನೊಂದನ್ನು ಗಮನಿಸಬೇಕು: ಮಕ್ಕಳನ್ನು ನಟನೆಗೆ ಬಳಸಲು ಜಿಲ್ಲಾಧಿಕಾರಿಗಳ ಅನುಮತಿ ಮತ್ತು ಪೋಷಕರ ಒಪ್ಪಿಗೆ ಬೇಕು, ದಿನಕ್ಕೆ 5 ಗಂಟೆ ಮೀರಬಾರದು, ಬಿಡುವಿಲ್ಲದೆ 3 ಗಂಟೆ ದಾಟಬಾರದು. ಕಾನೂನಿಗಿಂತ ಮಿಗಿಲಾಗಿ, ತಾಯಿ ಮಕ್ಕಳನ್ನು ಕೊಲ್ಲುವ ಕಥೆಯೊಳಗೆ ಆ ಮಕ್ಕಳನ್ನು ಎಳೆಯಬೇಡಿ. ಅವರು ಆಡುತ್ತಿರುವ ದೃಶ್ಯವನ್ನು ಬೇರೆಯಾಗಿಯೇ ತೆಗೆದು, ಭಾರದ ದೃಶ್ಯಗಳ ದಿನ ಅವರನ್ನು ಮನೆಯಲ್ಲೇ ಬಿಡಿ.

ಹೆಜ್ಜೆ 8: ನಟರು, ತಾಲೀಮು

ಅಥೆನ್ಸ್‌ನಲ್ಲಿ ಎಲ್ಲ ಪಾತ್ರಗಳನ್ನೂ ಮೂವರೇ ನಟರು ಮುಖವಾಡ ಬದಲಿಸಿ ಆಡುತ್ತಿದ್ದರು. ಇದನ್ನು ತಾಲೀಮಿಗೆ ಬಳಸಿಕೊಳ್ಳಿ. ಕ್ರೆಯಾನ್ ಆಗುವವರಿಗೆ ಒಂದು ದಿನ ಅಂತಿಗೊನೆಯ ಮಾತು ಕೊಡಿ, ಅಂತಿಗೊನೆಗೆ ಕಾವಲುಗಾರನ ಮಾತು. ಎದುರಿನವರ ಪಟ್ಟು ಎಷ್ಟು ನ್ಯಾಯವಾದದ್ದೆಂದು ಮೈಗೆ ತಿಳಿಯುತ್ತದೆ. ರಂಗಭೂಮಿಯಿಂದ ಬಂದ ನಟರಾದರೆ ದನಿ ಇಳಿಸಲು ಸಮಯ ಕೊಡಿ. ಪಸೋಲಿನಿ ತನ್ನ ‘ಮೆಡೀಯಾ’ಗೆ (1969) ಒಪೆರಾ ಗಾಯಕಿ ಮಾರಿಯಾ ಕಲ್ಲಾಸ್‌ಳನ್ನು ಆರಿಸಿ, ಒಂದು ಸಾಲನ್ನೂ ಹಾಡಿಸಲಿಲ್ಲ. ಮುಖದಲ್ಲೇ ಎಲ್ಲ ಇತ್ತು.

ಹಳೆಯ ರೋಮನ್ ಲೇಖಕ ಗೆಲ್ಲಿಯಸ್ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ‘ಎಲೆಕ್ಟ್ರಾ’ದಲ್ಲಿ ತಮ್ಮನ ಬೂದಿಯ ಗಡಿಗೆ ಹಿಡಿದು ಅಳುವ ದೃಶ್ಯಕ್ಕೆ ಪೋಲಸ್ ಎಂಬ ನಟ ತೀರಿಕೊಂಡ ತನ್ನ ಸ್ವಂತ ಮಗನ ಬೂದಿಯನ್ನೇ ತಂದನಂತೆ. ಕಥೆ ಮೈ ಜುಂ ಎನಿಸುತ್ತದೆ. ಆದರೆ ನಟರ ಸ್ವಂತ ಗಾಯವನ್ನು ಕೆದಕಿ ಅಭಿನಯ ತೆಗೆಸುವ ಹಕ್ಕು ನಿರ್ದೇಶಕರಿಗಿಲ್ಲ. ಗಡಿಗೆಗೆ ನಿಜವಾದ ತೂಕವಿರುವಂತೆ ಮರಳು ತುಂಬಿ ಕೊಡಿ, ಉಳಿದದ್ದನ್ನು ಅವರ ಕೈ ಕಂಡುಕೊಳ್ಳುತ್ತದೆ.

ಹೆಜ್ಜೆ 9: ಶೂಟಿಂಗ್

ಆ ನಾಟಕಗಳನ್ನು ಆಡುತ್ತಿದ್ದದ್ದು ಆಕ್ರೊಪೊಲಿಸ್ ಗುಡ್ಡದ ಇಳಿಜಾರಿನ ಬಯಲು ರಂಗದಲ್ಲಿ, ವಸಂತ ಕಾಲದ ಡಯೊನೈಸಸ್ ಉತ್ಸವದಲ್ಲಿ, ಹಗಲು ಬೆಳಕಿನಲ್ಲಿ. ಕತ್ತಲೆ, ಮಂಜು, ನೀಲಿ ಬೆಳಕು ಹಾಕಿದರೆ ಮಾತ್ರ ದುರಂತ ಎಂಬ ರೂಢಿಯನ್ನು ಬಿಡಿ. ಕಾವಲುಗಾರನ ಕಥೆಯ ಮುಖ್ಯ ಘಟನೆ ನಡುಮಧ್ಯಾಹ್ನದ್ದು. ನೆತ್ತಿಯ ಬಿಸಿಲು ಮುಖಕ್ಕೆ ಕೆಟ್ಟ ನೆರಳು ಕೊಡುತ್ತದೆಂದು ಕ್ಯಾಮೆರಾದವರು ಹಿಂಜರಿಯುತ್ತಾರೆ, ಇಲ್ಲಿ ಆ ನೆರಳೇ ಬೇಕು. ಧೂಳಿನಲ್ಲಿ ತೆಗೆಯುವುದಾದರೆ ಲೆನ್ಸ್ ಬದಲಿಸುವ ಕೆಲಸ ಕಾರಿನೊಳಗೆ ಮಾಡಿ, ಲೆನ್ಸಿನ ಮುಂದೆ ಫಿಲ್ಟರ್ ಹಾಕಿ, ನಟರ ಕಣ್ಣು ತೊಳೆಯಲು ಶುದ್ಧ ನೀರು ಪಕ್ಕದಲ್ಲಿರಲಿ.

ಒಳಾಂಗಣದ ದೃಶ್ಯಕ್ಕೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟುಕೊಳ್ಳಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟ್ ಮಿನುಗುವ ತೊಂದರೆ ಕಡಿಮೆ. ಒಳ್ಳೆಯ ಫೋನ್ ಕ್ಯಾಮೆರಾ ಸಾಕು. ದುಡ್ಡು ಉಳಿದರೆ ಶಬ್ದಕ್ಕೆ ಹಾಕಿ. ದುರಂತ ನಾಟಕ ಕಿವಿಯ ಕಲೆ: ಬಾಗಿಲಾಚೆಯ ಕೂಗು, ದೂತನ ಉಸಿರು, ಮೇಳದ ಗುಜುಗುಜು. ಬೂಮ್ ಮೈಕ್ ಬಾಡಿಗೆಗೆ ತನ್ನಿ, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನೆ ನಿಂತು ಒಂದು ನಿಮಿಷ ಆ ಜಾಗದ ಬರೀ ಸದ್ದು ಹಿಡಿದುಕೊಳ್ಳಿ. ಯೂರಿಡಿಸಿಯ ಮೌನಕ್ಕೆ ಎಡಿಟಿಂಗ್ ಟೇಬಲ್ಲಿನಲ್ಲಿ ಅದೇ ಬಂಡವಾಳ.

ಹೇಳುವವನ ದೃಶ್ಯವನ್ನು ಒಮ್ಮೆ ಪೂರ್ತಿ ಕತ್ತರಿಸದೆ ತೆಗೆಯಿರಿ. ಆಮೇಲೆ ಕೇಳುವವಳ ಮೇಲೆ ಕ್ಯಾಮೆರಾ ಇಟ್ಟು ಇಡೀ ಮಾತನ್ನು ಇನ್ನೊಮ್ಮೆ ಹೇಳಿಸಿ. ಈ ಎರಡನೆಯ ಟೇಕನ್ನು ಸಮಯವಿಲ್ಲವೆಂದು ಬಿಡಬೇಡಿ, ಚಿತ್ರದ ಹೆಚ್ಚಿನ ಪಾಲು ಅದರಿಂದಲೇ ಬರುತ್ತದೆ.

ಹೆಜ್ಜೆ 10: ಎಡಿಟಿಂಗ್, ಸಂಗೀತ

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಎಡಿಟಿಂಗ್, ಬಣ್ಣ, ಶಬ್ದ ಮೂರೂ ಮುಗಿಯುತ್ತವೆ. ಮೊದಲ ಜೋಡಣೆಯಾದ ಮೇಲೆ ನಾಟಕ ಗೊತ್ತಿಲ್ಲದ ಇಬ್ಬರಿಗೆ, ಗೊತ್ತಿರುವ ಇಬ್ಬರಿಗೆ ತೋರಿಸಿ. ಮೊದಲಿನವರು ಕಥೆ ಅರ್ಥವಾಗಲಿಲ್ಲ ಎಂದರೆ ಆರಂಭ ತಿದ್ದಿ. ಎರಡನೆಯವರು ಎಲ್ಲ ಮೊದಲೇ ಗೊತ್ತಿತ್ತು ಎಂದರೆ ಚಿಂತೆ ಬೇಡ. ಅಥೆನ್ಸ್‌ನ ಪ್ರೇಕ್ಷಕರಿಗೂ ಕಥೆ ಗೊತ್ತಿತ್ತು. ತೀರ್ಮಾನದ ಕ್ಷಣದಲ್ಲಿ ಉಸಿರು ಹಿಡಿದು ಕೂತಿರೇ ಎಂದು ನಿಮ್ಮ ಆ ಇಬ್ಬರನ್ನು ಕೇಳಿ. ಪರದೆಯ ಮೇಲೆ ಬರಹದಲ್ಲಿ ಹಿನ್ನೆಲೆ ಹೇಳುವುದಾದರೆ ಎರಡು ಸಾಲು ಮೀರದಿರಲಿ.

ಸಂಗೀತ ಕಡಿಮೆಯಿದ್ದಷ್ಟೂ ಒಳ್ಳೆಯದು. ಗ್ರೀಕರ ಮೇಳಕ್ಕೆ ಜೊತೆಯಾಗುತ್ತಿದ್ದದ್ದು ಅವ್ಲಸ್ ಎಂಬ ಜೋಡಿ ಕೊಳಲಿನ, ಮೌರಿಯಂತೆ ತೀಕ್ಷ್ಣ ನಾದದ ವಾದ್ಯ. ಒಂದೇ ಊದುವ ವಾದ್ಯ, ಒಂದೇ ಸ್ವರ ಸಾಕಾಗಬಹುದು. ಹಳೆಯ ಕೀರ್ತನೆಯೊಂದನ್ನು ಬಳಸುವುದಾದರೆ ರಚನೆ ಮುಕ್ತವಾಗಿದ್ದರೂ ಧ್ವನಿಮುದ್ರಣಕ್ಕೆ ಹಕ್ಕುದಾರರಿರುತ್ತಾರೆ. ನಿಮ್ಮ ಗಾಯಕರಿಂದಲೇ ಹಾಡಿಸಿ, ಬರಹದಲ್ಲಿ ಒಪ್ಪಿಗೆ ಪಡೆದುಕೊಳ್ಳಿ.

ಹೆಜ್ಜೆ 11: ಸಬ್‌ಟೈಟಲ್, ಚಿತ್ರೋತ್ಸವ

ಇಂಗ್ಲಿಷ್ ಸಬ್‌ಟೈಟಲ್ ಇಲ್ಲದೆ ಹೊರಗಿನ ಉತ್ಸವಗಳಿಗೆ ಕಳಿಸಲಾಗದು. ಒಮ್ಮೆಗೆ ಎರಡು ಸಾಲು ಮೀರಬಾರದು. ಮಾತಿಗೆ ಮಾತು ಬರುವ ಜಾಗದಲ್ಲಿ ಓದಲು ಸಮಯವಿಲ್ಲದಿದ್ದರೆ ಅರ್ಥವನ್ನು ಚುಟುಕಾಗಿಸಿ, ಪಾತ್ರದ ದನಿ ಮಾತ್ರ ಉಳಿಯಲಿ. ಯಂತ್ರಾನುವಾದ ಹಾಗೇ ಹಾಕಬೇಡಿ.

ಹತ್ತು ಹನ್ನೆರಡು ನಿಮಿಷದ ಚಿತ್ರಕ್ಕೆ ಕಾರ್ಯಕ್ರಮದಲ್ಲಿ ಜಾಗ ಹೊಂದಿಸುವುದು ಆಯ್ಕೆಗಾರರಿಗೆ ಸುಲಭ. ಆಸ್ಕರ್ ನಿಯಮದಲ್ಲಿ ಕಿರುಚಿತ್ರವೆಂದರೆ ಹೆಸರುಗಳೂ ಸೇರಿ 40 ನಿಮಿಷದೊಳಗೆ, ಆದರೆ ಅಷ್ಟುದ್ದದ ಚಿತ್ರ ಕಳಿಸಿದರೆ ಬೇರೆ ಮೂರು ಚಿತ್ರಗಳ ಜಾಗ ಕೇಳಿದಂತೆ. ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ, ತಿರುವನಂತಪುರದಲ್ಲಿ ನಡೆಯುವ ಕೇರಳದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ, ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ ಹತ್ತಿರದವು. ಗ್ರೀಸ್‌ನ ಉತ್ತರ ಭಾಗದಲ್ಲಿ ಡ್ರಾಮಾ ಎಂಬ ಹೆಸರಿನದೇ ಒಂದು ಪಟ್ಟಣವಿದೆ. ಅಲ್ಲಿ 1978ರಿಂದ ಕಿರುಚಿತ್ರೋತ್ಸವ ನಡೆಯುತ್ತಿದೆ, ಹೊರದೇಶಗಳ ಚಿತ್ರಗಳಿಗೂ ವಿಭಾಗವಿದೆ. ಅಂತಿಗೊನೆಯನ್ನು ಚೆನ್ನಾಗಿ ಬಲ್ಲ ಪ್ರೇಕ್ಷಕರ ಮುಂದೆ ಚಿತ್ರ ಇಡುವ ಧೈರ್ಯವಿದ್ದರೆ ಅಲ್ಲಿಗೂ ಕಳಿಸಿ. ಫಿಲ್ಮ್‌ಫ್ರೀವೇಯಂಥ ತಾಣಗಳ ಮೂಲಕ ಹಲವು ಉತ್ಸವಗಳಿಗೆ ಅರ್ಜಿ ಹಾಕಬಹುದು. ಶುಲ್ಕ ಕಟ್ಟುವ ಮೊದಲು ಆ ಉತ್ಸವ ನಿಜವಾಗಿ ಥಿಯೇಟರಿನಲ್ಲಿ ನಡೆಯುತ್ತದೆಯೇ ಎಂದು ಹಿಂದಿನ ವರ್ಷಗಳ ಕಾರ್ಯಕ್ರಮ ಪಟ್ಟಿ ನೋಡಿ.

ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕೆಂದು ಕೇಳುವ ಉತ್ಸವಗಳಿವೆ. ಆದ್ದರಿಂದ ಆ ಸುತ್ತು ಮುಗಿಯುವವರೆಗೆ ಚಿತ್ರವನ್ನು ಯೂಟ್ಯೂಬ್‌ಗೆ ಹಾಕದೆ ಪಾಸ್‌ವರ್ಡ್ ಇರುವ ಲಿಂಕ್ ಆಗಿಯೇ ಇಟ್ಟುಕೊಳ್ಳಿ. ಅರ್ಜಿಯ ಜೊತೆ ಕಳಿಸುವ ಸಾರಾಂಶದಲ್ಲಿ ಸೊಫೊಕ್ಲಿಸ್‌ನ ಹೆಸರು ಎರಡನೆಯ ವಾಕ್ಯದಲ್ಲಿ ಬರಲಿ. ಮೊದಲ ವಾಕ್ಯದಲ್ಲಿ ನಿಮ್ಮ ಕಾವಲುಗಾರ ಬೆಳಗ್ಗೆ ಎದ್ದು ಏನು ಕಂಡ ಎಂಬುದಿರಲಿ.